ಖಾನಾವಳಿಯೂ ನಮ್ಮ ನಾಚಿಕೆಯೂ

ಬೈಲಹೊಂಗಲದ ಒಂದು ಸಂಜೆಯ ಗೋಷ್ಠಿಯಲ್ಲಿ, ನನ್ನ ಸಮಕ್ಷಮದಲ್ಲಿಯೇ, ನನ್ನ ಮೇಲೆ ಒಂದು ಆಕ್ಷೇಪವು ಬಂದಿತು. ಆಕ್ಷೇಪಿಸಿದವರು ವಿದ್ವಾಂಸರು, ನನಗಿಂತ ಹಿರಿಯರು, ಮೇಲಾಗಿ ನನ್ನ ಹಿತಚಿಂತಕರು. ಆದುದರಿಂದ ಅವರ ಹೆಸರನ್ನು ಇಲ್ಲಿ ಎತ್ತುವದಿಲ್ಲ. "ಏನ್ರೀ ಮಾಸ್ತರ, ಮೂವತ್ತು ವರ್ಷ ಹುಡುಗರಿಗೆ ಸುಭಾಷಿತ ಕಲಿಸಿದವರು ನೀವು. ಈ ವಯಸ್ಸಿನ್ಯಾಗ ಗೆಳೆಯರನ್ನ ಕಟಗೊಂಡು ಬೆಂಗಳೂರಾಗ ಖಾನಾವಳಿ ಖಾನಾವಳಿ ತಿರಗತೀರಂತಲ್ಲ, ಇದು ಛಂದ ಏನ್ರಿ?" ಎಂದು ಅವರು ಕೇಳಿದರು. ಸಭೆಯು ನಕ್ಕಿತು, ನಾನೂ ನಕ್ಕೆನು. ಆದರೆ ಮನೆಗೆ ಬಂದ ಮೇಲೆಯೂ ಆ ನಗೆಯು ನನ್ನನ್ನು ಬಿಡಲಿಲ್ಲ. ನನ್ನೊಬ್ಬನ ಮಾನರಕ್ಷಣೆಯ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆನು. ಆ ನಗೆಯಲ್ಲಿ ನಮ್ಮ ನಾಡಿನ ಅನ್ನಕ್ಕೂ ಅದನ್ನು ಮಾಡಿ ಹಾಕುವ ಕೈಗಳಿಗೂ ಒಂದು ಅವಮಾನವು ಅಡಗಿರುವದೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯಬೇಕಾಯಿತು. ಶಾಸ್ತ್ರದ ಪದ್ಧತಿಯಂತೆ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಿ, ಅನಂತರ ಸಿದ್ಧಾಂತಕ್ಕೆ ಬರುವೆನು.

ಮೊದಲು ನಡೆದ ಸಂಗತಿ. ನಾವು ನಾಲ್ವರು ನಿವೃತ್ತ ಶಿಕ್ಷಕರು: ಬೈಲಹೊಂಗಲದವನಾದ ನಾನು, ಕಿತ್ತೂರಿನ ಗಣಿತದ ಮಾಸ್ತರರು, ಸವದತ್ತಿಯ ಭೂಗೋಲದ ಮಾಸ್ತರರು, ರಾಮದುರ್ಗದ ಡ್ರಿಲ್ ಮಾಸ್ತರರು. ಮಕ್ಕಳು ಉದ್ಯೋಗನಿಮಿತ್ತವಾಗಿ ಬೆಂಗಳೂರಿನಲ್ಲಿ ಮನೆ ಮಾಡಿರುವರು. ಆದುದರಿಂದ ವರ್ಷಕ್ಕೆ ಎರಡು ಮೂರು ತಿಂಗಳು ನಾವೂ ೪೫೦ ಕಿಲೋಮೀಟರಿಗೆ ಮೇಲ್ಪಟ್ಟ ದಾರಿಯನ್ನು ಕ್ರಮಿಸಿ ಅಲ್ಲಿ ಹೋಗಿ ಇರುವದುಂಟು. ಹಗಲೆಲ್ಲ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಅದಕ್ಕಾಗಿ ಒಂದು ಕಟ್ಟಳೆಯನ್ನು ಮಾಡಿಕೊಂಡೆವು. ಪ್ರತಿ ಗುರುವಾರ ಒಬ್ಬರ ಓಣಿಯಲ್ಲಿ ಕೂಡುವದು; ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ, ದೊಡ್ಡ ಹೆಸರಿಲ್ಲದ ಒಂದು ಊಟದ ಮನೆಯನ್ನು ಹುಡುಕುವದು; ತಂತಮ್ಮ ಹಣವನ್ನು ತಾವೇ ಕೊಡುವದು; ಹೊರಗೆ ಬಂದ ಮೇಲೆ ಮಾತ್ರ ಗುಣದೋಷಗಳ ವಿಚಾರ. ಹೀಗೆ ರಾಜಾಜಿನಗರ, ಬಸವನಗುಡಿ, ಮಲ್ಲೇಶ್ವರ, ವಿಜಯನಗರಗಳ ಸಂದಿಗೊಂದಿಗಳನ್ನು ತಿರುಗಿದೆವು. ಒಂದೆಡೆಯಲ್ಲಿ ರಾಗಿಯ ಮುದ್ದೆಯನ್ನು ಅಗಿಯದೆ ನುಂಗುವ ಬಗೆಯನ್ನು ಪಕ್ಕದಲ್ಲಿ ಕುಳಿತ ಒಬ್ಬ ಆಟೋರಿಕ್ಷಾ ಚಾಲಕನು ನಮಗೆ ಕಲಿಸಿದನು. ನಾಲ್ವರು ಮಾಸ್ತರರಿಗೆ ಅಂದು ಒಬ್ಬ ಗುರು ದೊರೆತನು. ಇದರಲ್ಲಿ ಅಪಮಾನವೆಲ್ಲಿ?

ವಿಜಯನಗರದ ಒಂದು ಅಡ್ಡಬೀದಿಯಲ್ಲಿ ಡ್ರಿಲ್ ಮಾಸ್ತರರು ನಡೆಯುತ್ತ ನಡೆಯುತ್ತ ತಟ್ಟನೆ ನಿಂತರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳವು ಬರುತ್ತಿತ್ತು. "ಇದು ನಮ್ಮ ಕಡೀ ಕೈ" ಎಂದರು. ಹೌದು, ಬಡಿಯುತ್ತಿದ್ದವರು ರಾಮದುರ್ಗದ ಕಡೆಯ ಹೆಣ್ಣುಮಗಳೇ. ಬಿಸಿ ರೊಟ್ಟಿ, ಎಣಗಾಯಿ, ಮಡಕಿಕಾಳ ಪಲ್ಯೆ, ಗುರೆಳ್ಳ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಬಾಗಿಲಲ್ಲಿ ತಮ್ಮ ಪಾಳಿಗಾಗಿ ಕಾಯುತ್ತ ನಿಂತ ತರುಣರಲ್ಲಿ ಒಬ್ಬನು ನನ್ನ ಶಿಷ್ಯನೇ ಆಗಿದ್ದನು. ಕಾಲು ಮುಟ್ಟಿ ನಮಸ್ಕರಿಸಿ, "ಸರ, ಊರಾಗ ಇದ್ದಾಗ ರೊಟ್ಟಿ ಅಂದ್ರ ಮಾರಿ ತಿರುವತಿದ್ದೆ. ಈಗ ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರತೀನಿ" ಎಂದನು. ಆ ಒಂದು ಮಾತಿನಲ್ಲಿ ನನ್ನ ಸಿದ್ಧಾಂತವೆಲ್ಲ ಇದೆ. ಆದರೆ ಪೂರ್ವಪಕ್ಷವನ್ನು ದಾಟದೆ ಅಲ್ಲಿಗೆ ಹೋಗುವದು ಸರಿಯಲ್ಲ.

ಪೂರ್ವಪಕ್ಷದ ಮೊದಲನೆಯ ಮಾತು: ಅನ್ನವಿಕ್ರಯವು ನಿಂದ್ಯವು. ಮಹಾಭಾರತದ ವನಪರ್ವದಲ್ಲಿ ಕಲಿಯುಗದ ಲಕ್ಷಣಗಳನ್ನು ಎಣಿಸುವಾಗ, ಜನಪದಗಳಲ್ಲಿ ಅನ್ನವನ್ನು ಮಾರುವರೆಂದು ಹೇಳಿರುವದಾಗಿ ವ್ಯಾಖ್ಯಾನಕಾರರು ಅರ್ಥಮಾಡಿರುವರು. ಇದನ್ನು ನಾನು ಪಾಠಶಾಲೆಯಲ್ಲಿ ಕಲಿತವನು. ಕಲಿತಷ್ಟೇ ಅಲ್ಲ, ಆಚರಿಸಿದವನು. ೧೯೭೮ರಲ್ಲಿ, ನನ್ನ ಹತ್ತೊಂಬತ್ತನೆಯ ವರ್ಷದಲ್ಲಿ, ಪರೀಕ್ಷೆಗೆಂದು ಧಾರವಾಡಕ್ಕೆ ಹೋಗಿದ್ದೆನು. ಗುರುತಿನವರ ಮನೆಗೆ ಬೀಗ ಬಿದ್ದಿತ್ತು. ಎರಡು ದಿನ ಬಾಳೆಹಣ್ಣಿನ ಮೇಲೆ ಕಳೆದೆನು. ಮೂರನೆಯ ದಿನ ಒಂದು ಖಾನಾವಳಿಯ ಮುಂದೆ ಹಾದು ಹೋಗುವದು, ಮರಳಿ ಬರುವದು, ಮತ್ತೆ ಹೋಗುವದು. ಒಳಗಿನಿಂದ ಒಬ್ಬ ತಾಯಿಯು ಕರೆದಳು: "ಯಾಕೋ ತಮ್ಮಾ, ಮೂರು ಸಲ ಹಾದೀ. ಹಸದೀ ಏನು? ಒಳಗ ಬಾ." ನನ್ನಲ್ಲಿ ಊಟದ ಪೂರ್ತಿ ಹಣವಿರಲಿಲ್ಲ. "ಮೊದಲ ಉಣ್ಣು. ಬಾಕಿ ಪರೀಕ್ಷಾ ಪಾಸಾದ ಮ್ಯಾಲ ಕೊಡಾಕ ಬಾ" ಎಂದಳು. ಉಂಡೆನು. ಪರೀಕ್ಷೆಯಲ್ಲಿ ತೇರ್ಗಡೆಯಾದೆನು. ಬಾಕಿಯನ್ನು ಕೊಡಲು ಹೋಗಲಿಲ್ಲ. ಮುಂದೆ ಉದ್ಯೋಗ ಸಿಕ್ಕ ಮೇಲೆ ಹೋದಾಗ ಆ ಮನೆಯೂ ಇರಲಿಲ್ಲ, ಆ ತಾಯಿಯೂ ಇರಲಿಲ್ಲ.

ಹಸಿದವನನ್ನು ಕಂಡು ಕರೆದವಳು ಅನ್ನವಿಕ್ರಯದ ದೋಷಕ್ಕೆ ಗುರಿಯಾದಳೋ, ಉಂಡು ಬಾಕಿ ಉಳಿಸಿದ ನಾನು ದೋಷಕ್ಕೆ ಗುರಿಯಾದೆನೋ ವಾಚಕರೇ ಹೇಳಲಿ. ಅನ್ನವನ್ನು ನಿಂದಿಸಲಾಗದೆಂಬ ವ್ರತವನ್ನು ತೈತ್ತಿರೀಯೋಪನಿಷತ್ತೂ ವಿಧಿಸಿದೆ. ಅದನ್ನು ನಾವು ಯಾಕೆ ಮರೆಯಬೇಕು? ಕಲ್ಯಾಣದ ಶರಣರಲ್ಲಿ ಕೊಟ್ಟಣ ಕುಟ್ಟುವದನ್ನೇ ಕಾಯಕವಾಗಿ ನಡೆಸಿದ ಸೋಮಮ್ಮನನ್ನು ನಾವು ಶರಣೆಯೆಂದು ಪೂಜಿಸುತ್ತೇವೆ. ಕುಟ್ಟುವದು ಕಾಯಕವಾದರೆ ರೊಟ್ಟಿ ಬಡಿಯುವದು ಯಾಕೆ ಕಾಯಕವಲ್ಲ?

ಎರಡನೆಯ ಮಾತು: ಮನೆಯ ಊಟವಿರುವಾಗ ಹೊರಗಿನ ಊಟವೇಕೆ? ಇದನ್ನು ನಾನು ಅರ್ಧ ಒಪ್ಪುವೆನು. ದಿನಾಲು ಹೊರಗೆ ಉಣ್ಣುವದು ದೇಹಕ್ಕೂ ಸಂಸಾರಕ್ಕೂ ಹಿತವಲ್ಲ. ಆದರೆ ಮನೆಯಲ್ಲಿ ಊಟ ಮಾಡಿ ಹಾಕುವವರಾರು ಎಂಬದನ್ನು ಗಂಡಸರಾದ ನಾವು ವಿಚಾರಿಸಿದ್ದೇವೆಯೇ? ಬೆಂಗಳೂರಿನಲ್ಲಿ ನನ್ನ ಸೊಸೆಯು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವಳು. ಗುರುವಾರ ನಾನು ಹೊರಗೆ ಉಂಡರೆ ಆಕೆಗೆ ಒಂದು ಹೊತ್ತಿನ ಬಿಡುವು. ಇನ್ನು ಸ್ವಚ್ಛತೆಯ ಮಾತು. ದೊಡ್ಡ ಹೋಟೆಲಿನ ಅಡಿಗೆಮನೆಯನ್ನು ಉಣ್ಣುವವನು ಕಾಣಲಾರನು. ಓಣಿಯ ಖಾನಾವಳಿಯಲ್ಲಿ ಒಲೆಯೂ ಹಂಚೂ ಕುಳಿತಲ್ಲಿಂದಲೇ ಕಾಣಿಸುವವು. ಹೊಲಸು ಕಂಡರೆ ಎದ್ದು ಬರಬಹುದು. ನಾವು ಎರಡು ಕಡೆ ಹಾಗೆ ಎದ್ದು ಬಂದಿರುವೆವು.

ಇನ್ನು ಸಿದ್ಧಾಂತ. ಬೆಂಗಳೂರಿನಲ್ಲಿ ಖಾನಾವಳಿಯನ್ನು ಹುಡುಕಿಕೊಂಡು ಹೋಗುವದು ನಾಚಿಕೆಗೇಡಲ್ಲ. ನಮ್ಮ ಊರಲ್ಲಿಯೇ ಇರುವ ಖಾನಾವಳಿಗೆ ನಾಚುವದು ನಾಚಿಕೆಗೇಡು. ಕಿತ್ತೂರು ಉತ್ಸವಕ್ಕೆ ಪರಸ್ಥಳದ ಅತಿಥಿಯು ಬಂದರೆ ನಾವು ಅವನನ್ನು ಎಲ್ಲಿಗೆ ಕರೆದೊಯ್ಯುವೆವು? ಪನೀರು, ತಂದೂರಿ ರೋಟಿ ಸಿಗುವ ಕಡೆಗೆ. "ನಮ್ಮ ಊರಾಗ ಛಲೋ ಹೋಟೆಲ್ ಇಲ್ಲರಿ, ಏನೂ ತಿಳಕೋಬ್ಯಾಡ್ರಿ" ಎಂದು ಕ್ಷಮೆಯನ್ನೂ ಕೇಳುವೆವು. ಲಗ್ನದ ಮಂಟಪಗಳಲ್ಲಿ ಗೋಬಿ ಮಂಚೂರಿಗೆ ಮೊದಲನೆಯ ಸ್ಥಾನ. ರೊಟ್ಟಿ ಇದ್ದರೆ ಮೂಲೆಯಲ್ಲಿ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ನಮ್ಮ ಹಿರಿಯರು ಚಕ್ಕಡಿಯಲ್ಲಿ ಕಟಕ ರೊಟ್ಟಿಯ ಗಂಟನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು. ನಾವು ಅದನ್ನು ಮೋಟಾರಿನ ಡಿಕ್ಕಿಯಲ್ಲಿ ಮುಚ್ಚಿಡುವೆವು.

ಇದಕ್ಕೆ ಪ್ರತಿಯಾಗಿ ಕರಾವಳಿಯವರನ್ನು ನೋಡಿರಿ. ೧೯೨೪ರಲ್ಲಿ ಮಯ್ಯ ಸೋದರರು ಬೆಂಗಳೂರಿನಲ್ಲಿ ಆರಂಭಿಸಿದ ಸಣ್ಣ ಫಲಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಖ್ಯಾತಿ ಹೊಂದಿತು. ೧೯೪೩ರಲ್ಲಿ ಗಾಂಧೀಬಜಾರಿನಲ್ಲಿ ತೆರೆದ ವಿದ್ಯಾರ್ಥಿಭವನದ ಮುಂದೆ ಇಂದಿಗೂ ದೋಸೆಗಾಗಿ ಜನ ಕಾಯುವರು. ಅವರು ತಮ್ಮ ಮನೆಯ ಇಡ್ಲಿ ದೋಸೆಗಳನ್ನು ಮಾರಲು ನಾಚಲಿಲ್ಲ. ಆದುದರಿಂದ ತಿನ್ನಲು ಲೋಕವೂ ನಾಚಲಿಲ್ಲ. ನಾವಾದರೋ ನಮ್ಮದನ್ನು ಪರರು ಹೊಗಳಿದ ಮೇಲೆ ಗುರುತಿಸುವವರು. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ನಿನ್ನೆಯ ವರೆಗೆ ಬಡವರ ಕಾಳೆನಿಸಿದ್ದ ಜೋಳ, ಸಜ್ಜೆ, ನವಣೆಗಳು ಆಗ ಶ್ರೀಮಂತರ ಪಥ್ಯವಾದವು. ಆಗ ನಮಗೂ ಜೋಳದ ಮೇಲೆ ಭಕ್ತಿ ಹುಟ್ಟಿತು.

ಭಕ್ತಿ ಹುಟ್ಟಿದರೂ ಬೆಲೆ ಕೊಡುವಾಗ ಕೈ ಹಿಂಜರಿಯುವದು. ದೊಡ್ಡ ಹೋಟೆಲಿನಲ್ಲಿ ಹೇಳಿದ ಹಣವನ್ನು ತುಟಿ ಪಿಟ್ಟೆನ್ನದೆ ಕೊಟ್ಟು ಬರುವ ಮಹನೀಯರು ಖಾನಾವಳಿಯಲ್ಲಿ ಒಂದು ಹೆಚ್ಚಿನ ರೊಟ್ಟಿಯ ಲೆಕ್ಕಕ್ಕಾಗಿ ಜಗಳ ತೆಗೆಯುವದನ್ನು ನಾನು ಕಣ್ಣಾರೆ ಕಂಡಿರುವೆನು. ಆ ರೊಟ್ಟಿಯ ಹಿಂದೆ ಏನಿದೆ? ಗೋದಿಯ ಕಣಕದಂತೆ ಜೋಳದ ಹಿಟ್ಟು ಎಳೆದರೆ ಬಾರದು, ಲಟ್ಟಿಸಿದರೆ ಬಿರಿಯುವದು. ಎಸರಿನ ನೀರು ಹಾಕಿ, ಬಿಸಿ ಇರುವಾಗಲೇ ನಾದಿ, ಅಂಗೈಯಿಂದ ಬಡಿದು ಬಡಿದು ಹಿಗ್ಗಿಸಿ, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಒಂದು ಮಧ್ಯಾಹ್ನಕ್ಕೆ ನೂರಾರು ರೊಟ್ಟಿ ಬಡಿಯುವವಳ ತೋಳು ರಾತ್ರಿ ಹೇಗಿರುವದೆಂದು ಕೇಳಿದವರುಂಟೆ? ಇದಲ್ಲದೆ ಜೋಳವೂ ಮೊದಲಿನಷ್ಟು ಬೆಳೆಯದು. ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಪೂರ್ಣವಾಗಿ ಮಲಪ್ರಭೆಯ ನೀರು ಕಾಲುವೆಗಳಿಗೆ ಹರಿದ ಮೇಲೆ, ಹಿಂಗಾರಿ ಜೋಳದ ಎಷ್ಟೋ ಎರಿಹೊಲಗಳಲ್ಲಿ ಕಬ್ಬು, ಗೋವಿನಜೋಳಗಳು ನಿಂತವು. ಕಾಳೂ ತುಟ್ಟಿ, ಕೈಯೂ ತುಟ್ಟಿ. ರೊಟ್ಟಿ ಮಾತ್ರ ಸೋವಿಯಾಗಿರಬೇಕೆಂದರೆ ಹೇಗೆ? ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೫ರಿಂದ ೭೭ರ ನಡುವೆ, ಸರಕಾರವು ತಿಂಡಿಗಳ ಬೆಲೆಯನ್ನು ಬಹಳ ಕೆಳಗೆ ಕಟ್ಟಿದಾಗ, ಮೇಲೆ ಹೇಳಿದ ಮಯ್ಯರ ಫಲಾಹಾರಗೃಹದವರು ಗುಣವನ್ನು ಕೆಡಿಸಲೊಲ್ಲದೆ ಕೆಲಕಾಲ ಬಾಗಿಲನ್ನೇ ಮುಚ್ಚಿ ಸಿದ್ಧಹಿಟ್ಟುಗಳ ವ್ಯಾಪಾರಕ್ಕೆ ತಿರುಗಿದರು. ಅವರಿಗೆ ಅಷ್ಟು ಬಲವಿತ್ತು. ಓಣಿಯ ಖಾನಾವಳಿಯವಳು ಬಾಗಿಲು ಮುಚ್ಚಿದರೆ ಪುನಃ ತೆರೆಯಲಾರಳು.

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ನಾನು ಪ್ರಾಮಾಣಿಕನಾಗಲಾರೆನು. ನಮ್ಮ ಕಡೆಯ ಖಾನಾವಳಿಗಳೂ ಬೆಂಗಳೂರಿನ ಫಲಾಹಾರಮಂದಿರಗಳೂ ಹಿಂದೆ ಫಲಕದ ಮೇಲೆ ಜಾತಿಯ ಹೆಸರನ್ನು ಹೊತ್ತಿದ್ದವು. ಕೆಲವು ಇನ್ನೂ ಹೊತ್ತಿವೆ. ಯಾರ ಕೈಯದನ್ನು ಉಣ್ಣಬೇಕು, ಯಾರ ಪಕ್ಕದಲ್ಲಿ ಕುಳ್ಳಿರಬೇಕು ಎಂಬ ಭಯದಿಂದ ಹುಟ್ಟಿದ ಹೆಸರುಗಳವು. ಆದರೆ ಫಲಕದಲ್ಲಿ ಉಳಿದದ್ದು ಪಂಕ್ತಿಯಲ್ಲಿ ಅಳಿಯುತ್ತಲಿದೆ. ವಿಜಯನಗರದ ಆ ಬೆಂಚಿನ ಮೇಲೆ ನನ್ನ ಎಡಕ್ಕೆ ಕುಳಿತವರು ಯಾರು, ಬಲಕ್ಕೆ ಕುಳಿತವರು ಯಾರು ಎಂದು ನಾನು ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. 'ಖಾನಾವಳಿ' ಎಂಬುದು ಮರಾಠಿಯ ನೆರೆಯಿಂದ ಬಂದ ಶಬ್ದ. ಆದರೂ ನನ್ನ ಸಂಸ್ಕೃತದ ಕಿವಿಗೆ ಅದರಲ್ಲಿ 'ಆವಳಿ'ಯೇ ಕೇಳಿಸುವದು. ಆವಳಿ ಎಂದರೆ ಸಾಲು. ನಮ್ಮ ಮನೆಗಳ ಪಂಕ್ತಿಯಲ್ಲಿ ಇಂದಿಗೂ ಕೂಡದ ಜನ ಆ ಸಾಲಿನಲ್ಲಿ ಕೂಡುವರು. ಗೋಷ್ಠಿಯಲ್ಲಿ ನಕ್ಕ ಸಭ್ಯರಿಗೆ ಖಾನಾವಳಿಯು ಹಗುರವೆನಿಸುವದಕ್ಕೆ ಈ ಬೆರೆತ ಸಾಲೇ ಕಾರಣವಲ್ಲವಷ್ಟೆ?

ಕೇವಲ ಖಂಡನೆಯಿಂದ ಕಾರ್ಯವಾಗದು. ಆದುದರಿಂದ ಮೂರು ಸೂಚನೆಗಳು. ಸಂಘಗಳ ವಾರ್ಷಿಕ ಸಭೆಯ ಊಟವನ್ನು ಆಯಾ ಊರಿನ ಖಾನಾವಳಿಯಿಂದಲೇ, ಅವರು ಹೇಳಿದ ಬೆಲೆಗೆ, ಚೌಕಾಸಿ ಮಾಡದೆ ತರಿಸಬೇಕು. ಪರಸ್ಥಳದ ಅತಿಥಿಗೆ ಮೊದಲನೆಯ ಊಟ ರೊಟ್ಟಿಯದಾಗಿರಬೇಕು, ಕ್ಷಮಾಯಾಚನೆ ಇರಕೂಡದು. ಉಂಡು ಏಳುವಾಗ ಮಾಲಕನಿಗೆ ಹಣ ಕೊಟ್ಟ ಮೇಲೆ, ಒಲೆಯ ಮುಂದೆ ಕುಳಿತವಳಿಗೆ "ಅಕ್ಕಾರ, ಊಟ ಛಲೋ ಆತ್ರಿ" ಎಂಬ ಒಂದು ಮಾತನ್ನಾದರೂ ಹೇಳಬೇಕು. ನಾಲ್ವರು ಮಾಸ್ತರರು ಬೆಂಗಳೂರಿನಲ್ಲಿ ಇದನ್ನು ಹೇಳಿ ನೋಡಿದ್ದೇವೆ. ಬಹಳ ಕಡೆ ಅವರು ತಲೆಯೆತ್ತಿ ನೋಡಿದ್ದು ಅದೇ ಮೊದಲು.

ನನ್ನ ಹಿರಿಯ ಪೂರ್ವಪಕ್ಷಿಗಳಿಗೆ ಒಂದು ಬಿನ್ನಹ. ಮುಂದಿನ ಸೋಮವಾರ ಮಧ್ಯಾಹ್ನ ನಮ್ಮ ಊರ ಪೇಟೆಯ ಖಾನಾವಳಿಗೆ ತಾವು ದಯಮಾಡಿಸಬೇಕು. ವಾದವು ಊಟವಾದ ಮೇಲೆ. ಹಣವನ್ನು ನಾನೇ ಕೊಡುವೆನು. ಧಾರವಾಡದಲ್ಲಿ ನಾನು ಕೊಡಬೇಕಾದ ಬಾಕಿ ಒಂದುಂಟು, ಅದನ್ನು ಈಗ ಯಾವದಾದರೂ ಖಾನಾವಳಿಯಲ್ಲಿ ತೀರಿಸದೆ ನನಗೆ ಬೇರೆ ದಾರಿಯಿಲ್ಲ.