ಮಹಡಿಯ ಕಂಬಿಗಳು

ನಮ್ಮ ಮನೆಯ ತಾರಸಿಯ ಮೇಲೆ ಕಬ್ಬಿಣದ ಕಂಬಿಗಳು ಮುಗಿಲಿಗೆ ಮುಖಮಾಡಿ ನಿಂತಿವೆ. ಹೈದರಾಬಾದಿನ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಾಗ, ಮುಂದೆಂದಾದರೂ ಮಹಡಿ ಏಳಲೆಂದು ಮೇಸ್ತ್ರಿ ಬಿಟ್ಟುಹೋದ ಕಂಬಿಗಳವು. ಆರು ವರ್ಷ ಅವುಗಳ ಗೊಡವೆಗೆ ನಾವು ಹೋಗಲಿಲ್ಲ. ಈ ವರ್ಷ ಎದುರುಮನೆಯವರು ಮಹಡಿ ಎಬ್ಬಿಸಿದರು. ನಮ್ಮ ನಿದ್ದೆ ಹಾರಿತು.

ಕಚೇರಿಯ ಸಹಕಾರ ಸಂಘದಿಂದ ಸಾಲದ ಅರ್ಜಿ ತಂದೆವು. ಜಾಮೀನಿಗೆ ಇಬ್ಬರು ಸಹೋದ್ಯೋಗಿಗಳು ಒಪ್ಪಿದರು. ಒಪ್ಪದವರು ಮನೆಯಲ್ಲಿದ್ದರು. ಮಗಳ ಕಾಲೇಜಿಗೆಂದು ಕೂಡಿಡುತ್ತಿರುವ ಹಣವೆಲ್ಲ ಕಂತಿಗೆ ಹೋದೀತೆಂದು ನಮ್ಮಾಕೆಯ ವಾದ. ‘ಮಹಡಿಯ ಕೋಣೆ ಮಗಳ ಓದಿಗೇ ಅಲ್ಲವೆ?’ ಎಂದು ನಮ್ಮ ಪ್ರತಿವಾದ. ‘ಮೊದಲು ಸಹಿ ಹಾಕು, ಮೊತ್ತ ಆಮೇಲೆ ತುಂಬೋಣ’ ಎಂದೂ ಹೇಳಿದ್ದೆವು.

ವಾಚಕರು ಕ್ಷಮಿಸಬೇಕು, ಹೇಳಹೊರಟದ್ದು ಪ್ರವಾಸದ ಮಾತು. ಆದರೆ ಈ ಜಗಳವೂ ನಮ್ಮೊಡನೆ ಕಾರಿನಲ್ಲಿ ಕುಳಿತು ಬಂದಿತು. ಕಾರು ನಮ್ಮಾಕೆಯ ತಮ್ಮನದು, ಪೆಟ್ರೋಲು ನಮ್ಮದು. ರಜೆ ಮೂರು ದಿನ. ಬೀದರ, ಕಲಬುರಗಿ, ವಿಜಯಪುರ ನೋಡಿಬರುವುದೆಂದು ಹೊರಟೆವು.

ಬೀದರದಲ್ಲಿ ಮೊದಲು ಕಂಡದ್ದು ಮಹಮೂದ್ ಗವಾನನ ಮದರಸಾ. ಪರ್ಷಿಯಾದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈ ಪುಣ್ಯಾತ್ಮ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಶಾಲೆ. ಹೊರಗೋಡೆಯನ್ನೆಲ್ಲ ಮುಚ್ಚಿದ್ದ ಬಣ್ಣದ ಬಿಲ್ಲೆಗಳು ಈಗ ಅಲ್ಲಲ್ಲಿ ಉಳಿದಿವೆ. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. 17ನೆಯ ಶತಮಾನದ ಕೊನೆಗೆ, ಮೊಗಲರ ಆಳ್ವಿಕೆಯಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಹಾಳಾಯಿತು. ಗವಾನನ ಗತಿಯೂ ಹೀಗೆಯೇ. ಆಗದವರು ಖಾಲಿ ಕಾಗದಕ್ಕೆ ಅವನ ಮೊಹರು ಒತ್ತಿಸಿ, ಮೇಲೆ ರಾಜದ್ರೋಹದ ಪತ್ರ ಬರೆದರೆಂದು ಇತಿಹಾಸಕಾರರು ಹೇಳುತ್ತಾರೆ. ಅದನ್ನು ನಂಬಿದ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ.

‘ನೋಡ್ರಿ, ಖಾಲಿ ಕಾಗದಕ್ಕ ಸಹಿ ಹಾಕಿದ್ರ ಹಿಂಗಾಗತದ’ ಎಂದಳು ನಮ್ಮಾಕೆ. ಫೈಲುಗಳ ನಡುವೆ ಅನ್ನ ತಿನ್ನುವ ನಮ್ಮ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಆ ರಾತ್ರಿ ಕಲಬುರಗಿಯಲ್ಲಿ ಆಕೆಯ ದೊಡ್ಡವ್ವನ ಮನೆ. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ. ಜಗಳಕ್ಕೆ ಒಂದು ರಾತ್ರಿಯ ವಿರಾಮ. ಬೆಳಗ್ಗೆ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋದೆವು. 1367ರ ಕಟ್ಟಡ, 216 ಅಡಿ ಉದ್ದ, 176 ಅಡಿ ಅಗಲ. ಬೇರೆ ದೊಡ್ಡ ಮಸೀದಿಗಳಂತೆ ನಡುವೆ ಬಯಲಂಗಳವಿಲ್ಲ; ಎಲ್ಲವೂ ಸೂರಿನ ಕೆಳಗೆ. ಬದಿಯ ಅಗಲ ಕಮಾನುಗಳಿಂದ ಬೆಳಕೂ ಗಾಳಿಯೂ ಬರುವುದರಿಂದ ಒಳಗೆ ಉಸಿರು ಕಟ್ಟುವುದಿಲ್ಲ. ಅಲ್ಲಿ ಎಷ್ಟು ಹೊತ್ತು ಕುಳಿತೆವೋ ಲೆಕ್ಕವಿಲ್ಲ. ಎದುರುಮನೆಯ ಮಹಡಿ ಆಗ ಒಮ್ಮೆಯೂ ನೆನಪಾಗಲಿಲ್ಲ.

ವಿಜಯಪುರ ಮುಟ್ಟುವಾಗ ಸಂಜೆ. ಬಾರಾ ಕಮಾನಿನ ಕಪ್ಪು ಕಮಾನುಗಳು ಸಾಲಾಗಿ ನಿಂತಿದ್ದುವು, ಮೇಲೆ ಸೂರಿಲ್ಲ. ಎರಡನೆಯ ಅಲಿ ಆದಿಲ್ ಶಾಹ ತನಗೆಂದು ಎಬ್ಬಿಸತೊಡಗಿದ ಗೋರಿ. ತಂದೆ ಮಹಮ್ಮದ್ ಆದಿಲ್ ಶಾಹನ ಗೋಲಗುಮ್ಮಟವನ್ನು ಮೀರಿಸಬೇಕೆಂಬ ಹಟವಿತ್ತೆಂದು ಜನ ಹೇಳುತ್ತಾರೆ. 1672ರಲ್ಲಿ ಅವನು ತೀರಿಕೊಂಡ. ಕೆಲಸ ಅಷ್ಟಕ್ಕೇ ನಿಂತಿತು.

‘ನಮ್ಮ ಮನೀ ಕಂಬಿ ನೆನಪಾದವು’ ಎಂದಳು ನಮ್ಮಾಕೆ. ನಕ್ಕೆವು, ಆದರೆ ಚುಚ್ಚಿತು.

ಮರುದಿನ ಜನ ಸೇರುವ ಮೊದಲೇ ಗೋಲಗುಮ್ಮಟಕ್ಕೆ ಹೋದೆವು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಇದು. ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹೆಣೆದುಕೊಂಡ ಕಮಾನುಗಳು ಆ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೂಲೆಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಪಿಸುಗುಟ್ಟುವ ಮೊಗಸಾಲೆ ಸೇರಿದೆವು. ಎಂಟನೆಯ ತರಗತಿಯ ಮಗಳು ಓಡಿಹೋಗಿ ಎದುರುಬದಿಯಲ್ಲಿ ನಿಂತು ಗೋಡೆಗೆ ಬಾಯಿಟ್ಟಳು. ನಾವು ಕಿವಿಯಿಟ್ಟೆವು. ‘ಅಪ್ಪ’ ಎಂಬ ಒಂದು ಕೂಗನ್ನಷ್ಟೆ ನಿರೀಕ್ಷಿಸಿದ್ದೆವು.

‘ಅಪ್ಪ, ನನಗ ಕೋಣಿ ಬ್ಯಾಡ. ನೀವಿಬ್ಬರೂ ಜಗಳಾಡಬ್ಯಾಡ್ರಿ.’

ಪಿಸುಮಾತು ಗೋಡೆ ಸುತ್ತಿ, ಪಕ್ಕದಲ್ಲೇ ನಿಂತು ಹೇಳಿದಂತೆ ಬಂದಿತು. ಮನೆಯ ಎರಡು ಕೋಣೆಗಳಲ್ಲಿ ಇಷ್ಟು ದಿನ ನಮಗೆ ಕೇಳಿಸದಿದ್ದ ಮಾತು ಅದು. ಮಗಳ ಹೆಸರು ಹೇಳಿ ನಾವು ಕಟ್ಟಹೊರಟಿದ್ದುದು ಎದುರುಮನೆಯವರಿಗಾಗಿ ಎಂಬುದು ಅವಳಿಗೆ ಮೊದಲೇ ತಿಳಿದಿತ್ತೋ ಏನೋ! ‘ಆಗಲಮ್ಮ’ ಎಂದು ಗೋಡೆಗೇ ಹೇಳಿದೆವು. ಆಚೆಬದಿಯಲ್ಲಿ ಅವಳು ಕೈಬೀಸಿದಳು.

ಸಾಲದ ಅರ್ಜಿ ಈಗಲೂ ಮೇಜಿನ ಖಾನೆಯಲ್ಲಿದೆ. ಹರಿದಿಲ್ಲ, ಸರಕಾರಿ ನೌಕರನಿಗೆ ಕಾಗದ ಹರಿಯುವುದು ಸುಲಭವಲ್ಲ. ಕಂಬಿಗಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದೆವು. ಕಳೆದ ಭಾನುವಾರ ನಮ್ಮಾಕೆ ಎರಡು ಕಂಬಿಗಳ ನಡುವೆ ಹಗ್ಗ ಬಿಗಿದು ಬಟ್ಟೆ ಒಣಹಾಕಿದಳು. ಎದುರುಮನೆಯ ಮಹಡಿ ಈಗ ಸೀರೆಯ ಮರೆಯಲ್ಲಿದೆ.