ಕಂಠಿಕೆಯ ಮಣಿಗಳನ್ನು ಬಿಚ್ಚಿ ನೋಡೋಣ

ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಗುಣಾಕಾರದ ಒಂದು ಲೆಕ್ಕವಿದೆ: 27994681ನ್ನು 441ರಿಂದ ಗುಣಿಸಬೇಕು. ಗುಣಲಬ್ಧ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಆತನು ಕಂಠಿಕೆಗೆ, ಎಂದರೆ ಕೊರಳ ಹಾರಕ್ಕೆ, ಹೋಲಿಸಿದ್ದಾನೆ.

ಹುಣಸೂರಿನ ನಮ್ಮ ತರಗತಿಯಲ್ಲಿ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದೆವು. (ನಾವು ಬೋಧಿಸುವುದು ಭೌತಶಾಸ್ತ್ರ, ಗಣಿತದ ಅಧ್ಯಾಪಕರು ಕ್ಷಮಿಸಬೇಕು.) ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗರು ಕೂಡಲೇ ಮೊಬೈಲ್ ತೆಗೆದು ಗುಣಿಸಿ, “ಸರಿಯಾಗಿದೆ ಸಾರ್” ಎಂದರು. ಇನ್ನೊಬ್ಬನು, “ನಮ್ಮ ಪೂರ್ವಿಕರಿಗೆ ತಿಳಿಯದುದೇ ಇರಲಿಲ್ಲ” ಎಂದನು. ಅಲ್ಲಿಗೆ ಎಲ್ಲರಿಗೂ ತೃಪ್ತಿಯಾಯಿತು. ನಮಗೆ ಆಗಲಿಲ್ಲ. ಯಂತ್ರವು ಉತ್ತರವನ್ನು ತಾಳೆ ನೋಡಿತು. ಹೊಗಳಿಕೆಯು ಲೆಕ್ಕವನ್ನು ದೇವರ ಗೂಡಿಗೆ ಸೇರಿಸಿತು. ಸಂಖ್ಯೆಯೊಳಗೆ ಏನಿದೆಯೆಂದು ಒಬ್ಬರೂ ಕೇಳಲಿಲ್ಲ. ಪ್ರಾಚೀನರಿಗೆ ಈ ಬಗೆಯ ಗೌರವಕ್ಕಿಂತ ದೊಡ್ಡ ಅಗೌರವವಿಲ್ಲವೆಂದು ನಮ್ಮ ಅಭಿಪ್ರಾಯ.

ಒಳಗೆ ಇರುವುದೇನು? 441 ಎಂಬುದು 21ರ ವರ್ಗ. ಅಷ್ಟು ತಿಳಿದರೆ ಸಂಶಯ ಹುಟ್ಟಬೇಕು. ಇನ್ನೊಂದು ಸಂಖ್ಯೆಯೂ ವರ್ಗವಾಗಿರಬಹುದೇ? ವರ್ಗಮೂಲ ತೆಗೆಯಿರಿ: 5291. ಈಗ 21ನ್ನು 5291ರಿಂದ ಗುಣಿಸಿದರೆ 111111 ಬರುತ್ತದೆ. ಎಂದ ಮೇಲೆ ನಮ್ಮ ಕಂಠಿಕೆಯು ಆರು ಒಂದುಗಳ ಸಂಖ್ಯೆಯ ವರ್ಗವಲ್ಲದೆ ಬೇರೆಯಲ್ಲ. 111111ನ್ನು ಅದರಿಂದಲೇ ಗುಣಿಸುವಾಗ, ಒಂದೊಂದು ಸ್ಥಾನ ಸರಿದ ಆರು ಸಾಲುಗಳು ಬರುತ್ತವೆ. ಕಂಬಸಾಲಿನಂತೆ ಕೂಡಿದರೆ ಮೊತ್ತಗಳು ಒಂದರಿಂದ ಆರಕ್ಕೆ ಏರಿ ಮತ್ತೆ ಇಳಿಯುತ್ತವೆ. ಪವಾಡವೇನೂ ಇಲ್ಲ. ಆದರೆ ಸೊಬಗು ಕಡಮೆಯಾಯಿತೇ?

ಆರು ಒಂದುಗಳೇ ಏಕೆ? 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಐದು ಒಂದುಗಳಿಗಾದರೆ 41 ಮತ್ತು 271 ಮಾತ್ರ. ಏಳಕ್ಕೆ 239 ಮತ್ತು 4649. ಏಳರ ಕಂಠಿಕೆಯನ್ನು 441ರಂತಹ ಸಣ್ಣ ವರ್ಗಸಂಖ್ಯೆಯ ಹಿಂದೆ ಅಡಗಿಸಲು ದಾರಿಯಿಲ್ಲ. ಆರು ಹಲವು ಬಗೆಯಲ್ಲಿ ಒಡೆಯುವ ಸಂಖ್ಯೆಯನ್ನು ಕೊಡುತ್ತದೆ. ಆಚಾರ್ಯನು ಇದನ್ನು ಅರಿತೇ ಆರಿಸಿಕೊಂಡಿರಬೇಕೆಂದು ನಮಗೆ ತೋರುತ್ತದೆ. 21 ಎಂಬುದು ಆ ರಾಶಿಯಿಂದ ಎತ್ತಿಕೊಂಡ 3 ಮತ್ತು 7.

ಒಂಬತ್ತು ಒಂದುಗಳವರೆಗೂ ಹಾರ ಕೂಡಿಯೇ ಇರುತ್ತದೆ: 12345678987654321. ಹತ್ತು ಒಂದುಗಳ ವರ್ಗವನ್ನು ಕಾಗದದ ಮೇಲೆ ಮಾಡಿರಿ, ಮೊಬೈಲಿನಲ್ಲಿ ಬೇಡ. 1234567900987654321 ಬರುತ್ತದೆ. ಎಂಟು ಎಲ್ಲಿ ಹೋಯಿತು? ನಡುವಣ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ದಾಟಿ, ಅಲ್ಲಿಯ ಒಂಬತ್ತನ್ನೂ ಹತ್ತಾಗಿಸಿ, ಮುಂದೆ ಎಂಟನ್ನು ಒಂಬತ್ತಾಗಿಸಿತು.

ಇಷ್ಟಕ್ಕೆ ನಮಗೆ ಎರಡು ಅವಧಿಗಳು ಹಿಡಿದವು. “ಇದು ಪರೀಕ್ಷೆಗೆ ಬರುತ್ತದೆಯೇ ಸಾರ್?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಬರುವುದಿಲ್ಲ ಎಂದೆವು. ಕೆಲವರು ಪುಸ್ತಕ ಮುಚ್ಚಿದರು. ಇಬ್ಬರು ಮಾತ್ರ ಹನ್ನೊಂದು ಒಂದುಗಳನ್ನು ಬರೆದುಕೊಳ್ಳುತ್ತಿದ್ದರು.