ಆಟವೂ ಒಂದು ಪಾಠ

‘ಹಾಸ್ಟೆಲಿಗೆ ಸೇರಿದರೆ ಮಕ್ಕಳು ಆಟದಲ್ಲೇ ಕಾಲ ಕಳೆದಾರು’ ಎಂದು ನಮ್ಮಲ್ಲಿ ಹಲವು ತಾಯಿತಂದೆಗಳು ಅಂಜುತ್ತಾರೆ. ಅಂಥವರು ತಾಂಬರಮ್ಮಿನ ಮದರಾಸು ಕ್ರಿಶ್ಚಿಯನ್ ಕಾಲೇಜಿನ ಕಥೆ ಕೇಳಬೇಕು.

1837ರಲ್ಲಿ ಹುಟ್ಟಿದ ಈ ಸಂಸ್ಥೆ 1937ರಲ್ಲಿ ಪಟ್ಟಣದ ಗದ್ದಲ ಬಿಟ್ಟು ಅಂದಿನ ಹಳ್ಳಿಗಾಡಿಗೆ ಬಂದಿತು. ಸುತ್ತ 365 ಎಕರೆ ಕುರುಚಲು ಕಾಡು, ಪೇಟೆ ದೂರ. ವಿನೋದವನ್ನು ವಿದ್ಯಾರ್ಥಿಗಳು ತಾವೇ ಕಟ್ಟಿಕೊಳ್ಳಬೇಕಾಯಿತು. ಸೇಲೈಯೂರ್, ಸೇಂಟ್ ಥಾಮಸ್, ಬಿಷಪ್ ಹೀಬರ್ ಹಾಲ್‌ಗಳ ನಡುವೆ ಪಂದ್ಯಗಳ ಪೈಪೋಟಿ; ರಸಾಯನಶಾಸ್ತ್ರದ ಅಧ್ಯಾಪಕ ಎಡ್ವರ್ಡ್ ಬಾರ್ನ್ಸ್ ದಂಪತಿಗಳು ನೆಟ್ಟು ಬೆಳೆಸಿದ ಮರಗಳಡಿ ಹರಟೆ; ಸಂಜೆ ಜಿಂಕೆ ಹುಡುಕುವ ನಡಿಗೆ. ‘ಡೀಪ್‌ವುಡ್ಸ್’ ಉತ್ಸವಕ್ಕಂತೂ ಬೇರೆ ಕಾಲೇಜಿನವರೂ ಬರುತ್ತಾರೆ.

ಪಂದ್ಯ ಏರ್ಪಡಿಸುವುದು, ಲೆಕ್ಕವಿಡುವುದು, ಸೋತು ಕೈಕುಲುಕುವುದು – ಇವೂ ವಿದ್ಯೆಯೇ. ರಜೆಗೆ ಬಂದ ಮಕ್ಕಳನ್ನು ‘ಎಷ್ಟು ಮಾರ್ಕು?’ ಎಂದು ಕೇಳುವ ನಾವು, ‘ಏನು ಆಡಿದೆ?’ ಎಂದೂ ಕೇಳೋಣ.